ಹಾಡಿದ್ದು ಯಾರು?

1949ರಲ್ಲಿ ‘ಮಹಲ್’ ಚಿತ್ರದ ರೆಕಾರ್ಡ್ ಅಂಗಡಿಗೆ ಬಂದಾಗ, ಅದರ ಲೇಬಲ್ ಮೇಲೆ ಗಾಯಕಿಯ ಹೆಸರಿರಬೇಕಾದ ಜಾಗದಲ್ಲಿ ‘ಕಾಮಿನಿ’ ಎಂದು ಅಚ್ಚಾಗಿತ್ತು. ಕಾಮಿನಿ ಅಂದರೆ ಆ ಸಿನಿಮಾದಲ್ಲಿ ಮಧುಬಾಲಾ ಮಾಡಿದ ಪಾತ್ರದ ಹೆಸರು. ಹಾಡಿದ್ದು 20ರ ಆಸುಪಾಸಿನ ಲತಾ ಮಂಗೇಶ್ಕರ್. ಆದರೆ ಅದನ್ನು ತಿಳಿಯೋಕೆ ಕೇಳುಗರಿಗೆ ದಾರಿಯೇ ಇರಲಿಲ್ಲ. ಹಾಡು ರೇಡಿಯೋದಲ್ಲಿ ಬಂದದ್ದೇ ತಡ, ‘ಇದನ್ನು ಹಾಡಿದ್ದು ಯಾರು?’ ಅಂತ ಕಾಗದಗಳ ಮೇಲೆ ಕಾಗದ. ರೇಡಿಯೋದವರಿಗೂ ಗೊತ್ತಿಲ್ಲ! ಅವರು ಎಚ್.ಎಂ.ವಿ. ಕಂಪನಿಯನ್ನು ಕೇಳಿ, ಹೆಸರು ತಿಳಿದುಕೊಂಡು, ಆಮೇಲೆ ಗಾಳಿಯಲ್ಲಿ ಹೇಳಿದರು.

ಈಗ ನಾವು ಕೆಫೆಯಲ್ಲಿ ಕೂತು, ಮೇಲಿನ ಸ್ಪೀಕರಿನಲ್ಲಿ ಬರುತ್ತಿರುವ ಹಾಡು ಯಾವುದು ಅಂತ ಫೋನ್ ಎತ್ತಿ ಹಿಡಿದು ಎರಡು ಸೆಕೆಂಡಿನಲ್ಲಿ ತಿಳಿದುಕೊಳ್ಳುತ್ತೇವಲ್ಲ, ಆ ಕೆಲಸಕ್ಕೆ ಆಗ ಅಂಚೆ ಇಲಾಖೆ, ಆಕಾಶವಾಣಿ, ರೆಕಾರ್ಡ್ ಕಂಪನಿ ಮೂರೂ ಓಡಾಡಬೇಕಾಗಿತ್ತು. ತಮಾಷೆ ಅನಿಸುತ್ತೆ. ಆದರೆ ಆ ಕಾಗದ ಬರೆದವರು ಸುಮ್ಮನಿದ್ದಿದ್ದರೆ ಎಷ್ಟು ಗಾಯಕ ಗಾಯಕಿಯರ ಹೆಸರು ಪಾತ್ರಗಳ ಹೆಸರಿನ ಕೆಳಗೆ ಹೂತುಹೋಗುತ್ತಿತ್ತೋ! ಇಂಟರ್ನೆಟ್‌ಗೆ ಮುಂಚಿನ ಸಂಗೀತಪ್ರೇಮಿಗಳ ಕಥೆಯನ್ನು ಬರೀ ‘ಪಾಪ, ಎಷ್ಟು ಕಷ್ಟ ಪಡ್ತಿದ್ರು’ ಎಂಬ ಧಾಟಿಯಲ್ಲಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಮಾಹಿತಿ ಎಲ್ಲೋ ಇತ್ತು, ಇವರು ಹುಡುಕಿದರು ಅಂತಲ್ಲ. ಬಹಳಷ್ಟು ಮಾಹಿತಿ ಎಲ್ಲೂ ಇರಲೇ ಇಲ್ಲ. ಅದನ್ನು ತಯಾರು ಮಾಡಿದ್ದೇ ಕೇಳುಗರು.

ಶುರುವಿನಿಂದ ನೋಡೋಣ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಇಲ್ಲಿನ ಹಾಡುಗಾರರನ್ನು ಧ್ವನಿಮುದ್ರಿಸಿಕೊಂಡ. ಅವರಲ್ಲಿ ದೊಡ್ಡ ಹೆಸರು ಗೌಹರ್ ಜಾನ್. ಆ ಕಾಲದ ತಟ್ಟೆಗಳಲ್ಲಿ ಹಾಡು ಮುಗಿಯುತ್ತಿದ್ದಂತೆ ಗಾಯಕಿ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುವುದು ಕೇಳಿಸುತ್ತದೆ. ಜಂಬ ಅಂದುಕೊಳ್ಳಬೇಡಿ. ಮೇಣದ ಮೂಲಪ್ರತಿಗಳು ತಟ್ಟೆಯಾಗಲು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಭಾಷೆ ಗೊತ್ತಿಲ್ಲ, ರಾಗ ಗೊತ್ತಿಲ್ಲ. ಯಾವ ತಟ್ಟೆಗೆ ಯಾವ ಲೇಬಲ್ ಅಂಟಿಸಬೇಕು ಅಂತ ತಿಳಿಯಲು ಆ ಘೋಷಣೆ ಬೇಕಿತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಮೆಟಾಡೇಟಾವನ್ನು ಹಾಡಿನೊಳಗೇ ಸೇರಿಸಿ ಕಳಿಸುತ್ತಿದ್ದರು! ಈ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಬಗ್ಗೆ ಬೆಂಗಳೂರಿನ ವಿಕ್ರಮ್ ಸಂಪತ್ ಬರೆದ ಜೀವನಚರಿತ್ರೆ ಬಂದದ್ದು 2010ರಲ್ಲಿ, ಅಂದರೆ 80 ವರ್ಷಗಳ ನಂತರ.

ಲೇಬಲ್ ಮೇಲೆ ಹೆಸರಿದ್ದರೂ ಗೊಂದಲ ತಪ್ಪಿದ್ದಲ್ಲ. ಗೌಹರ್ ಜಾನ್ ಒಬ್ಬರು. ಗೋಹರಬಾಯಿ ಕರ್ನಾಟಕಿ ಇನ್ನೊಬ್ಬರು, ಬಿಜಾಪುರದ ಕಡೆಯವರು, ಹಿಂದಿ ಸಿನಿಮಾದಲ್ಲಿ ಹೆಸರು ಮಾಡಿದ ಅಮೀರಬಾಯಿ ಕರ್ನಾಟಕಿಯವರ ಅಕ್ಕತಂಗಿಯರಲ್ಲೊಬ್ಬರು. ಮುಂಬಯಿಯ ರಂಜಿತ್ ಸ್ಟುಡಿಯೋದ ನಟಿ ಮಿಸ್ ಗೋಹರ್ ಮೂರನೆಯವರು. ಕೈಗೆ ಸಿಕ್ಕ ಹಳೇ ತಟ್ಟೆಯ ಮೇಲೆ ಅರ್ಧ ಅಳಿಸಿದ ‘ಗೋಹರ್’ ಮಾತ್ರ ಇದ್ದರೆ? ಇದಕ್ಕೆ ತಿರುಗುಮುರುಗಾದ ತೊಂದರೆಯೂ ಇತ್ತು. ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳು ಬಂದದ್ದು ಗಾಂಧಾರಿ ಎಂಬ ಅವರ ಹುಟ್ಟುಹೆಸರಿನಲ್ಲಿ, ಜೊತೆಗೆ ಹುಬ್ಬಳ್ಳಿ ಊರಿನ ಹೆಸರು. ಗಂಗೂಬಾಯಿ ಎಂದು ಹುಡುಕಿದವನಿಗೆ ಅವು ಸಿಗುವುದಿಲ್ಲ.

ಹಾಗಾಗಿ ನುರಿತ ಸಂಗ್ರಾಹಕರು ಲೇಬಲ್ಲನ್ನು ಪೂರ್ತಿ ನಂಬುತ್ತಿರಲಿಲ್ಲ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಲೇಬಲ್ಲಿಗೂ ಹಾಡಿನ ಗೆರೆಗಳಿಗೂ ನಡುವಿನ ಖಾಲಿ ಜಾಗವನ್ನು ನೋಡುತ್ತಿದ್ದರು. ಅಲ್ಲಿ ಒಂದು ಸಣ್ಣ ನಂಬರ್ ಇರುತ್ತದೆ, ಮ್ಯಾಟ್ರಿಕ್ಸ್ ನಂಬರ್. ಲೇಬಲ್ ಮೇಲಿನದು ಮಾರಾಟಕ್ಕೆ ಕೊಟ್ಟ ನಂಬರ್, ಇದು ಧ್ವನಿಮುದ್ರಣಕ್ಕೆ ಕೊಟ್ಟ ನಂಬರ್. ಒಂದೇ ಸರಣಿಯ ನಾಲ್ಕಾರು ತಟ್ಟೆಗಳು ಸಿಕ್ಕಿ, ಅದರಲ್ಲಿ ಒಂದರ ದಿನಾಂಕ ಗೊತ್ತಾದರೆ ಉಳಿದವು ಅದಕ್ಕಿಂತ ಮುಂಚಿನವೋ ಆಮೇಲಿನವೋ ಅಂತ ಲೆಕ್ಕ ಹಾಕಬಹುದು. ಆಸ್ಟ್ರೇಲಿಯಾದ ಮೈಕೆಲ್ ಕಿನಿಯರ್ ಇಂಥ ನಂಬರುಗಳನ್ನೇ ಜೋಡಿಸಿ, 1899ರಿಂದ 1908ರವರೆಗಿನ ಭಾರತೀಯ ಧ್ವನಿಮುದ್ರಣಗಳ ಪಟ್ಟಿಯನ್ನು 1994ರಲ್ಲಿ ಪುಸ್ತಕವಾಗಿ ತಂದರು. ಓದಲು ಟೆಲಿಫೋನ್ ಡೈರೆಕ್ಟರಿ ಥರ ಇರುತ್ತದೆ. ಆದರೆ ಅದಿಲ್ಲದಿದ್ದರೆ ಆ ಕಾಲದ ಅರ್ಧ ಸಂಗೀತಕ್ಕೆ ಇಸವಿಯೇ ಇಲ್ಲ.

ಸಾಮಾನ್ಯ ಕೇಳುಗನಿಗೆ ಇಷ್ಟೆಲ್ಲ ಎಲ್ಲಿಂದ ಬರಬೇಕು? ಗ್ರಾಮಫೋನ್ ಇದ್ದ ಮನೆ ಊರಿಗೆ ಒಂದೋ ಎರಡೋ. ಹಾಡು ಕೇಳಬೇಕೆಂದರೆ ಅಂಗಡಿ ಮುಂದೆ, ಚಹಾದಂಗಡಿ ಮುಂದೆ ನಿಲ್ಲಬೇಕು. ಧಾರವಾಡದಲ್ಲಿ ಬೆಳೆದ ಗಂಗೂಬಾಯಿ ಚಿಕ್ಕಂದಿನಲ್ಲಿ ಜೊಹರಾಬಾಯಿ ಅವರ ತಟ್ಟೆಯ ಸದ್ದು ಕೇಳಿದರೆ ಬೀದಿಗೆ ಓಡುತ್ತಿದ್ದರಂತೆ. ಭೀಮಸೇನ ಜೋಶಿಯವರ ಕಥೆಯಂತೂ ನಮ್ಮಲ್ಲಿ ಎಲ್ಲರೂ ಕೇಳಿದ್ದೇ: ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿಯ ತಟ್ಟೆ ಕೇಳಿ ಹುಚ್ಚು ಹಿಡಿದು, 1933ರಲ್ಲಿ, 11ನೇ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಹೋದರು. ಈ ಕಥೆಯನ್ನು ಹಠ, ಶ್ರದ್ಧೆ ಅಂತ ಹೇಳಿ ಮುಗಿಸಿಬಿಡುತ್ತಾರೆ. ನನಗೆ ಅದು ಮಾಹಿತಿಯ ಕಥೆಯಾಗಿಯೂ ಕಾಣುತ್ತದೆ. ಹುಡುಗ ಟಿಕೆಟ್ಟಿಲ್ಲದೆ ರೈಲು ಹತ್ತಿ, ಗ್ವಾಲಿಯರ್ ಅಂತ, ಜಾಲಂಧರ್ ಅಂತ ಉತ್ತರ ಹಿಂದೂಸ್ತಾನವನ್ನೆಲ್ಲ ಸುತ್ತಿದ. ಜಾಲಂಧರದಲ್ಲಿ ವಿನಾಯಕರಾವ್ ಪಟವರ್ಧನರು, ‘ಇಲ್ಲೇನು ಹುಡುಕ್ತೀ, ನಿಮ್ಮ ಊರ ಕಡೆಯೇ ಸವಾಯಿ ಗಂಧರ್ವರು ಇದ್ದಾರಲ್ಲ’ ಎಂಬರ್ಥದ ಮಾತು ಹೇಳಿದರು ಎಂಬುದು ಅವರ ಜೀವನಕಥೆಗಳಲ್ಲೆಲ್ಲ ಬರುತ್ತದೆ. ಸವಾಯಿ ಗಂಧರ್ವರಿದ್ದದ್ದು ಕುಂದಗೋಳದಲ್ಲಿ. ಗದಗಿನಿಂದ ಒಂದು ದಿನದ ಪ್ರಯಾಣವೂ ಅಲ್ಲ. ಅಷ್ಟೇ ಅಲ್ಲ, ಅವರು ಆ ತಟ್ಟೆಯ ಅಬ್ದುಲ್ ಕರೀಂ ಖಾನರ ನೇರ ಶಿಷ್ಯರು. ತಟ್ಟೆಯ ಮೇಲೆ ಅಷ್ಟನ್ನೆಲ್ಲ ಯಾರು ಬರೆಯುತ್ತಾರೆ? 1936ರಲ್ಲಿ ಜೋಶಿಯವರು ಕುಂದಗೋಳದ ಬಾಗಿಲು ತಟ್ಟಿದರು. ನಡುವಿನ ಮೂರು ವರ್ಷ ಅಲೆದದ್ದು ಹೆಚ್ಚುಕಡಿಮೆ ಒಂದು ವಿಳಾಸಕ್ಕಾಗಿ.

ಸಿನಿಮಾ ಹಾಡುಗಳ ವಿಷಯಕ್ಕೆ ಬಂದರೆ, ಪಾತ್ರದ ಹೆಸರು ಹಾಕುವ ಪದ್ಧತಿಗೆ ಕಾರಣವಿತ್ತು. ಮೊದಲು ನಟನಟಿಯರೇ ಹಾಡುತ್ತಿದ್ದರು. ಹಿನ್ನೆಲೆ ಗಾಯನ ಬಂದ ಮೇಲೂ ಪರದೆಯ ಮೇಲಿನ ಮುಖವೇ ಹಾಡುತ್ತಿದೆ ಎಂಬ ಭ್ರಮೆ ಒಡೆಯುವುದು ನಿರ್ಮಾಪಕರಿಗೆ ಬೇಕಿರಲಿಲ್ಲ. ಥಿಯೇಟರಿನ ಹೊರಗೆ ಕಾಸಿಗೆ ಸಿಗುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ಕಥಾಸಾರ ಇರುತ್ತಿತ್ತು, ಹಾಡಿನ ಸಾಹಿತ್ಯ ಇರುತ್ತಿತ್ತು, ತಾರಾಗಣ ಇರುತ್ತಿತ್ತು. ಹಾಡಿದವರ ಹೆಸರು ಮಾತ್ರ ಬಹಳಷ್ಟು ಸಲ ಇರುತ್ತಿರಲಿಲ್ಲ. ಆದರೂ ಆ ತೆಳು ಪುಸ್ತಕಗಳು ಚಿನ್ನ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಪ್ರಿಂಟೇ ಇವತ್ತು ಉಳಿದಿಲ್ಲ. ಅಂಥ ಚಿತ್ರಗಳನ್ನು ನಾವು ತಿಳಿಯಬೇಕಾಗಿರುವುದು ಕಾಗದದ ಮೂಲಕವೇ.

1952ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಸಂಗೀತ ಅಂದರೆ ಆಗದು. ಆಕಾಶವಾಣಿಯಲ್ಲಿ ಅದರ ಸಮಯ ಕಡಿತವಾಯಿತು. ಸಿನಿಮಾದ ಹೆಸರು ಹೇಳಿದರೆ ಜಾಹೀರಾತು ಆಗುತ್ತದೆ, ಹಾಗಾಗಿ ಹೇಳಕೂಡದು ಎಂದೂ ಆಯಿತು. ನಿರ್ಮಾಪಕರು ಸಿಟ್ಟಾಗಿ ಹಾಡುಗಳನ್ನೇ ವಾಪಸ್ ತೆಗೆದುಕೊಂಡರು. ನೋಡಿ ಮಜಾ: ರೆಕಾರ್ಡಿನಲ್ಲಿ ಸಿನಿಮಾ ಹೆಸರಿದೆ, ಗಾಯಕಿ ಹೆಸರಿಲ್ಲ, ರೇಡಿಯೋದಲ್ಲಿ ಗಾಯಕಿ ಹೆಸರು ಬಂತು, ಸಿನಿಮಾ ಹೆಸರು ಹೋಯಿತು.

ಜನ ಸೀದಾ ಸಿಲೋನಿಗೆ ಹೋದರು. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕಾಗಿ ಹಾಕಿದ್ದ ಶಕ್ತಿಶಾಲಿ ಟ್ರಾನ್ಸ್‌ಮಿಟರ್ ರೇಡಿಯೋ ಸಿಲೋನಿನ ಪಾಲಿಗೆ ಬಂದಿತ್ತು. ಶಾರ್ಟ್‌ವೇವಿನಲ್ಲಿ ಇಡೀ ಭಾರತಕ್ಕೆ ಕೇಳಿಸುತ್ತಿತ್ತು. 1952ರ ಡಿಸೆಂಬರಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯಿತು. ನಮಗೆ ನೆನಪಿರುವುದು ಅದೇ. ಆದರೆ ಹಳೇ ಹಾಡಿನ ಹುಚ್ಚರಿಗೆ ಮುಖ್ಯವಾದದ್ದು ಬೆಳಿಗ್ಗೆ ಏಳೂವರೆಯ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮ, ಎಂಟು ಹೊಡೆಯುವ ಮುಂಚೆ ಸೈಗಲ್ ಹಾಡಿನೊಂದಿಗೆ ಅದು ಮುಗಿಯುತ್ತಿತ್ತು. ಅಲೆ ಏರಿಳಿಯುತ್ತ, ಕರಕರ ಸದ್ದಿನ ನಡುವೆ ಉದ್ಘೋಷಕರು ಚಿತ್ರ, ಗಾಯಕ, ಸಂಗೀತ ನಿರ್ದೇಶಕ ಅಂತ ಹೇಳುವಾಗ ಸಾವಿರಾರು ಮನೆಗಳಲ್ಲಿ ಪೆನ್ನು ಓಡುತ್ತಿತ್ತು. ತಾರೀಖು, ಹಾಡು, ಯಾರು. ಹೆಸರು ಹೇಳುವ ಹೊತ್ತಿಗೇ ಅಲೆ ಇಳಿದುಹೋದರೆ ಮುಗಿಯಿತು, ಮತ್ತೆ ಆ ಹಾಡು ಬರುವವರೆಗೆ ಕಾಯಬೇಕು. ತಿಂಗಳಾಗಬಹುದು, ವರ್ಷವಾಗಬಹುದು. ಕಾಯಲಾರದವರು ಪೋಸ್ಟ್‌ಕಾರ್ಡ್ ಹಾಕುತ್ತಿದ್ದರು. ಅಭ್ರಕದ ಗಣಿಗಳ ಊರು ಝುಮ್ರಿ ತಲೈಯಾ ಹೆಸರಾದದ್ದೇ ಹೀಗೆ ಬರೆದು ಬರೆದು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಶುರು ಮಾಡಿ ಆಕಾಶವಾಣಿಯೂ ದಾರಿಗೆ ಬಂತು ಅನ್ನಿ.

ಅದೇ ಹೊತ್ತಿಗೆ ಹಾಡಿದವರ ಕಡೆಯಿಂದಲೂ ಜಗಳ ನಡೆದಿತ್ತು. ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಸಂಗೀತ ನಿರ್ದೇಶಕರಿಗೆ ಬಹುಮಾನವಿತ್ತು, ಹಿನ್ನೆಲೆ ಗಾಯಕರಿಗೆ ಇರಲಿಲ್ಲ. ಹಾಗಾದರೆ ಸಮಾರಂಭದಲ್ಲಿ ನಾನು ಹಾಡುವುದಿಲ್ಲ ಎಂದರು ಲತಾ. 1959ರಲ್ಲಿ ಆ ಬಹುಮಾನ ಶುರುವಾಯಿತು, ಮೊದಲನೆಯದು ಅವರಿಗೇ ಬಂತು.

ಈಗ ಆ ನೋಟ್‌ಬುಕ್‌ಗಳ ವಿಷಯ. ಕಾನ್ಪುರದಲ್ಲಿ ಹರ್‌ಮಂದಿರ್ ಸಿಂಗ್ ‘ಹಮ್‌ರಾಜ್’ ಎಂಬೊಬ್ಬರು. ಸಿನಿಮಾದವರಲ್ಲ, ಪ್ರೊಫೆಸರಲ್ಲ, ರೇಡಿಯೋ ಕೇಳುಗರು. ಮೊದಲು ಕೇಳುಗರಿಗಾಗಿ ‘ಲಿಸನರ್ಸ್ ಬುಲೆಟಿನ್’ ಎಂಬ ಸಣ್ಣ ಪತ್ರಿಕೆ ನಡೆಸಿದರು. ಆಮೇಲೆ ತಲೆಗೆ ಬಂದದ್ದು ಹುಚ್ಚು ಸಾಹಸ: 1931ರಿಂದ ಬಂದ ಪ್ರತಿಯೊಂದು ಹಿಂದಿ ಚಿತ್ರದ ಪ್ರತಿಯೊಂದು ಹಾಡನ್ನೂ ಪಟ್ಟಿ ಮಾಡುವುದು. ಹಾಡಿದ್ದು ಯಾರು, ಬರೆದದ್ದು ಯಾರು, ಸಂಗೀತ ಯಾರದು, ರೆಕಾರ್ಡ್ ನಂಬರ್ ಎಷ್ಟು. ‘ಹಿಂದಿ ಫಿಲ್ಮ್ ಗೀತ್ ಕೋಶ್’ನ ಮೊದಲು ಅಚ್ಚಾದ ಸಂಪುಟ, 1951ರಿಂದ 60ರದ್ದು, 1980ರಲ್ಲಿ ಬಂತು. ಸುಲಭದ ದಶಕ ಮೊದಲು. ತಟ್ಟೆಗಳೂ ಕಾಗದಗಳೂ ಕಳೆದುಹೋಗಿದ್ದ ಮೂವತ್ತರ ದಶಕದ ಸಂಪುಟ ಆಮೇಲೆ. ಹಾಡಿನ ಪುಸ್ತಕಗಳು, ರೆಕಾರ್ಡ್ ಕಂಪನಿಗಳ ಕ್ಯಾಟಲಾಗ್‌ಗಳು, ಹಳೆಯ ಪತ್ರಿಕೆಗಳು, ಮತ್ತು ಊರೂರಿನ ಸಂಗ್ರಾಹಕರ ಕಾಗದಗಳು, ಇವೇ ಬಂಡವಾಳ.

ಅದರಲ್ಲಿ ನನಗೆ ತುಂಬ ಇಷ್ಟವಾಗುವುದು, ಗಾಯಕರು ಯಾರೆಂದು ಖಚಿತವಾಗದ ಕಡೆ ಅವರು ಹೆಸರು ಹಾಕಿಲ್ಲ. ಕಿವಿಯನ್ನು ನಂಬಿ ಬರೆದುಬಿಡಬಹುದಿತ್ತು. ಆದರೆ ಕಿವಿ ಮೋಸ ಮಾಡುತ್ತದೆ. 1945ರ ‘ಪೆಹಲೀ ನಜರ್’ನಲ್ಲಿ ಮುಕೇಶ್ ಹಾಡಿದ್ದನ್ನು ಸೈಗಲ್ ಎಂದೇ ನಂಬಿದವರು ಎಷ್ಟು ಜನ! ಇವತ್ತು ಆ್ಯಪ್‌ಗಳಲ್ಲಿ ಹಳೆಯ ಕನ್ನಡ ಹಾಡೊಂದನ್ನು ತೆರೆದು ನೋಡಿ. ಗಾಯಕರ ಜಾಗದಲ್ಲಿ ಸಂಗೀತ ನಿರ್ದೇಶಕರು, ಇಸವಿಯ ಜಾಗದಲ್ಲಿ ಅಪ್‌ಲೋಡ್ ಆದ ವರ್ಷ, ಗೀತರಚನಕಾರರಂತೂ ನಾಪತ್ತೆ. ಖಾಲಿ ಬಿಟ್ಟಿದ್ದರೂ ವಾಸಿಯಿತ್ತು.

ಅಪರೂಪದ ತಟ್ಟೆಗಳು ಸಿಗುತ್ತಿದ್ದದ್ದು ಮುಂಬಯಿಯ ಚೋರ್ ಬಜಾರಿನಲ್ಲಿ, ನಮ್ಮಲ್ಲಿ ಗುಜರಿ ಅಂಗಡಿಗಳಲ್ಲಿ, ಸಂಡೇ ಬಜಾರಿನಲ್ಲಿ. 78 ಆರ್‌ಪಿಎಂ ತಟ್ಟೆ ಅಂದರೆ ಅರಗು. ಕೈಜಾರಿದರೆ ಚೂರು. ಯುದ್ಧದ ಕಾಲದಲ್ಲಿ ಅರಗಿಗೆ ಬರ ಬಂದು, ಎಷ್ಟೋ ದೇಶಗಳಲ್ಲಿ ಹಳೆಯ ತಟ್ಟೆಗಳನ್ನು ವಾಪಸ್ ಪಡೆದು ಕರಗಿಸಿ ಹೊಸದು ಮಾಡಿದ್ದೂ ಉಂಟು. ಎಪ್ಪತ್ತರ ದಶಕದ ಕೊನೆಗೆ ಗಲ್ಫಿನಿಂದ ಬಂದವರ ಜೊತೆ ಟು-ಇನ್-ಒನ್‌ಗಳು ಬಂದ ಮೇಲೆ ಕೊಡುಕೊಳ್ಳುವಿಕೆ ಸಲೀಸಾಯಿತು. ನಿಮ್ಮ ಹತ್ತಿರ ಇರುವ ಹಾಡನ್ನು ನನ್ನ ಕ್ಯಾಸೆಟ್ಟಿಗೆ ತುಂಬಿಕೊಡಿ, ನನ್ನ ಹತ್ತಿರ ಇರುವುದು ನಿಮಗೆ. 1990ರಲ್ಲಿ ಮುಂಬಯಿಯಲ್ಲಿ ಸಂಗ್ರಾಹಕರದ್ದೇ ಒಂದು ಸಂಘ ಹುಟ್ಟಿತು, ‘ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್’, ಅದಕ್ಕೊಂದು ಪತ್ರಿಕೆಯೂ ಇತ್ತು. ಇಂದು ನಾವು ಆನ್‌ಲೈನಿನಲ್ಲಿ ಕೇಳುವ ಹಳೆಯ ಹಾಡುಗಳಲ್ಲಿ ಎಷ್ಟೋ, ಇಂಥವರ ಬೀರುಗಳಿಂದ ಹೊರಬಂದವು.

ಆ ತಲೆಮಾರು ಈಗ ಕರಗುತ್ತಿದೆ. ಮನೆ ಖಾಲಿ ಮಾಡುವಾಗ ತಟ್ಟೆಗಳಿಗೆ ಗಿರಾಕಿ ಸಿಗುತ್ತಾರೆ, ವಿನೈಲ್ ಫ್ಯಾಷನ್ ಬೇರೆ ಬಂದಿದೆ. ನೋಟ್‌ಬುಕ್‌ಗಳು ಮಾತ್ರ ತೂಕಕ್ಕೆ ರದ್ದಿಗೆ ಹೋಗುತ್ತವೆ. ನಿಮ್ಮ ಅಜ್ಜನದೋ ದೊಡ್ಡಪ್ಪನದೋ ಅಂಥದ್ದೊಂದು ಅಟ್ಟದ ಮೇಲಿದ್ದರೆ, ಈ ಶನಿವಾರ ಇಳಿಸಿ ಪುಟಪುಟವನ್ನೂ ಫೋಟೋ ತೆಗೆದಿಡಿ. ಜೊತೆಗೆ ತಟ್ಟೆಗಳಿದ್ದರೆ ಲೇಬಲ್ಲಿನ ಎರಡೂ ಬದಿ, ಮತ್ತು ಟಾರ್ಚ್ ಓರೆಯಾಗಿ ಹಿಡಿದು ಪಕ್ಕದ ಖಾಲಿ ಜಾಗದ ಆ ಸಣ್ಣ ನಂಬರ್ ಕೂಡ.