ಬೆರಕೆಯಿಂದ ಬಂದ ಕಸುವು

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನ ಸುತ್ತ ಹಿಪ್ಪುನೇರಳೆ ಬೆಳೆಯುವವರಿಗೆ ಯೂರಿಯಾ ಹೊಸದಲ್ಲ. ಎಲೆ ಹುಲುಸಾಗಿ ಬರಲು ಗಿಡಕ್ಕೆ ಸಾರಜನಕ ಬೇಕು. ಅದನ್ನು ಕೊಡುವುದು ಈ ಬಿಳಿ ಹರಳು. ಅದೇ ಯೂರಿಯಾವನ್ನು ಬೆಂಗಳೂರಿನ ಜಕ್ಕೂರಿನ ಪ್ರಯೋಗಾಲಯವೊಂದು, ವಿದ್ಯುತ್ ಕೂಡಿಡುವ ಇಂಗಾಲಕ್ಕೆ ಉಣಿಸಿತೆಂದರೆ ಅಚ್ಚರಿಯಾದೀತು.

ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್ ಎಂದರೆ ಒಂದರ ಮೇಲೊಂದು ಕೂತ ಇಂಗಾಲದ ಪದರಗಳು. ಅದರ ಒಂದೇ ಪದರ, ಒಂದು ಪರಮಾಣುವಿನಷ್ಟು ದಪ್ಪದ ಹಾಳೆ, ಗ್ರಾಫೀನ್. ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ 2004ರಲ್ಲಿ ಅದನ್ನು ಅಂಟುಪಟ್ಟಿಯಿಂದ ಬಿಡಿಸಿ ತೋರಿಸಿದರು. 2010ರಲ್ಲಿ ನೊಬೆಲ್ ಪಡೆದರು. ಒಂದು ಗ್ರಾಂ ಗ್ರಾಫೀನಿನ ಎರಡೂ ಮೈ ಸೇರಿಸಿದರೆ, ಲೆಕ್ಕದ ಪ್ರಕಾರ, ಸುಮಾರು 26 ಗುಂಟೆಯಷ್ಟು ವಿಸ್ತಾರ.

ಸೂಪರ್ ಕೆಪಾಸಿಟರಿಗೆ ಬೇಕಾದದ್ದು ಇಂಥ ವಿಸ್ತಾರವೇ. ಬ್ಯಾಟರಿ ರಾಸಾಯನಿಕ ಕ್ರಿಯೆಯಿಂದ ವಿದ್ಯುತ್ ಕೂಡಿಡುತ್ತದೆ. ಇಲ್ಲಾದರೆ ದ್ರಾವಣದಲ್ಲಿರುವ ಅಯಾನುಗಳು ಮುಖ್ಯವಾಗಿ ವಿದ್ಯುದ್ವಾರದ ಮೈಮೇಲೆ ಬಂದು ಕೂರುತ್ತವೆ, ಬೇಕೆಂದಾಗ ಎದ್ದು ಹೋಗುತ್ತವೆ. ಆದ್ದರಿಂದ ಬೇಗ ತುಂಬುತ್ತದೆ, ಬಹುಕಾಲ ಬಾಳುತ್ತದೆ. ಹಿಡಿಯುವುದು ಮಾತ್ರ ಬ್ಯಾಟರಿಗಿಂತ ಕಡಿಮೆ. ಈ ಕೊರತೆ ತುಂಬುವುದೇ ಸಂಶೋಧಕರ ಹಂಬಲ.

ಜಕ್ಕೂರಿನಲ್ಲಿರುವುದು 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಅಲ್ಲಿ ಈ ಕೆಲಸಕ್ಕೆ ಕೈಹಚ್ಚಿದವರು ಪ್ರೊ. ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು. ರಾವ್ ಅವರ ಹೆಸರಿನ ಮೊದಲಕ್ಷರ ‘ಸಿ’ ಎಂದರೆ ಚಿಂತಾಮಣಿ. ಮೇಲೂರಿಗೆ ನೆರೆಯ ತಾಲ್ಲೂಕಿನ ಹೆಸರೂ ಅದೇ. 2008ರಲ್ಲಿ ಅವರ ಗ್ರಾಫೀನ್ ಗ್ರಾಮಿಗೆ 117 ಫ್ಯಾರಡ್‌ವರೆಗೆ ವಿದ್ಯುದಂಶ ಹಿಡಿಯಿತು. 2009ರಲ್ಲಿ ಗ್ರಾಫೈಟ್ ಕಡ್ಡಿಗಳ ನಡುವೆ ವಿದ್ಯುತ್ ಕಿಡಿ ಹಾಯಿಸಿ, ಜಲಜನಕದ ಜೊತೆಗೆ ಅಮೋನಿಯಾದಂಥ ಅನಿಲ ಬಿಟ್ಟು, ಹಾಳೆಯೊಳಗೇ ಸಾರಜನಕವನ್ನು ಕೂರಿಸಿದರು; ಬೋರಾನನ್ನೂ ಬೆರೆಸಿದರು. 2013ರಲ್ಲಿ ಗ್ರಾಫೀನ್ ಆಕ್ಸೈಡಿಗೆ ಯೂರಿಯಾ ಸೇರಿಸಿ ಮೈಕ್ರೋವೇವ್ ಶಾಖ ಕೊಟ್ಟರು. ತೂಕದಲ್ಲಿ ಶೇ 18ರವರೆಗೆ ಸಾರಜನಕ ಸೇರಿತು. ಗ್ರಾಮಿಗೆ 461 ಫ್ಯಾರಡ್ ದಕ್ಕಿತು. ಪ್ರಯೋಗಗಳ ವಿಧಾನ ಬೇರೆಯಾದ್ದರಿಂದ ಇಡೀ ಹೆಚ್ಚಳ ಬೆರಕೆಯದೇ ಎನ್ನಲಾಗದು. ಆದರೂ ದಾರಿ ಸ್ಪಷ್ಟವಾಯಿತು.

ಕಾರಣವಿಷ್ಟೆ: ಸಾರಜನಕಕ್ಕೆ ಇಂಗಾಲಕ್ಕಿಂತ ಒಂದು ಎಲೆಕ್ಟ್ರಾನ್ ಹೆಚ್ಚು, ಬೋರಾನಿಗೆ ಒಂದು ಕಡಿಮೆ. ಸಮನಾಗಿದ್ದ ಹಾಳೆಯಲ್ಲಿ ಹೀಗೆ ಏರುಪೇರಾದರೆ ಅಯಾನುಗಳಿಗೆ ಹಿಡಿತ ಸಿಗುತ್ತದೆ. ಅಪ್ಪಟವಾದದ್ದೇ ಶ್ರೇಷ್ಠವೆಂಬ ನಮ್ಮ ನಂಬಿಕೆ ಇಲ್ಲಿ ಸೋಲುತ್ತದೆ.

ಕಥೆ ಮತ್ತೆ ಮೇಲೂರಿಗೇ ಬರುತ್ತದೆ. ರೇಷ್ಮೆ ಪ್ರೋಟೀನು, ಸಾರಜನಕ ಅದರಲ್ಲಿ ಹುಟ್ಟಿನಿಂದಲೇ ಇದೆ. 2015ರಲ್ಲಿ ಚೀನಾದ ಸಂಶೋಧಕರು ರೇಷ್ಮೆಯನ್ನೇ ಸುಟ್ಟು, ಸಾರಜನಕ ಬೆರೆತ ಇಂಗಾಲದ ತೆಳುಹಾಳೆಗಳನ್ನು ಮಾಡಿ, ಬ್ಯಾಟರಿ ಮತ್ತು ಸೂಪರ್ ಕೆಪಾಸಿಟರುಗಳಲ್ಲಿ ಪರೀಕ್ಷಿಸಿದರು. ಮಾರುಕಟ್ಟೆ ಮಾತ್ರ ಇನ್ನೂ ತೆಂಗಿನ ಚಿಪ್ಪಿನಂಥವುಗಳಿಂದ ಮಾಡಿದ ಅಗ್ಗದ ಇಂಗಾಲವನ್ನೇ ಹೆಚ್ಚಾಗಿ ನೆಚ್ಚಿದೆ. ಗ್ರಾಂ ಲೆಕ್ಕದ ಯಶಸ್ಸು ಟನ್ ಲೆಕ್ಕಕ್ಕೆ ಏರಬೇಕು, ಪ್ರತಿ ಸಲವೂ ಒಂದೇ ಗುಣ ಬರಬೇಕು, ಬೆಲೆ ಇಳಿಯಬೇಕು.

ಅದಾದ ದಿನ ಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ತ್ಯಾಜ್ಯಕ್ಕೂ ಒಂದು ಬೆಲೆ ಬಂದೀತು. ತೋಟಕ್ಕೆ ಹಾಕಿದ ಯೂರಿಯಾ ಎಲೆಯಾಗಿ, ಹುಳುವಾಗಿ, ನೂಲಾಗಿ, ಕೊನೆಗೆ ದೀಪವನ್ನೂ ಬೆಳಗೀತು.