ಅಜ್ಜಿಯ ಟ್ರಂಕು

ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಅಜ್ಜಿಯ ತಗಡಿನ ಟ್ರಂಕು ಇನ್ನೂ ಇದೆ. ಖಾನಾಪುರದ ಅಜ್ಜಿಗೆ ಮಡಗಾಂವಿನಲ್ಲಿ ತಂಗಿಯಿದ್ದಳು. ಲೋಂಡಾ ದಾಟಿ ಗೋವೆಗೆ ಇಳಿಯುವ ರೈಲೇ ಅವರಿಬ್ಬರ ನಂಟು.

1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ ಹಳಿಯದು. 1888ರಲ್ಲಿ ಘಟ್ಟ ಹತ್ತಿ ಗಡಿ ಮುಟ್ಟಿತು. ಮಾರ್ಮಗೋವಾ ಬಂದರಿಗೆ ಸರಕು ಸಾಗಿಸಲು ಹಾಕಿದ್ದಾದರೂ ಹೆಣ್ಣುಮಕ್ಕಳ ತವರಿನ ದಾರಿಯೂ ಆಯಿತು. ಕ್ಯಾಸಲ್‌ರಾಕ್‌ನಲ್ಲಿ ಒಮ್ಮೆ, ಕುಳೆಂನಲ್ಲಿ ಇನ್ನೊಮ್ಮೆ ಸುಂಕದವರಿಗೆ ಟ್ರಂಕು ತೆರೆದು ತೋರಿಸಬೇಕು.

1955ರಲ್ಲಿ ಗೋವಾ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಗಡಿ ಮುಚ್ಚಿತು, ರೈಲು ನಿಂತಿತು. ತಂಗಿಯ ಬಾಣಂತನಕ್ಕೆಂದು ಅಜ್ಜಿ ಕಟ್ಟಿದ ಅಂಟಿನುಂಡಿ ಟ್ರಂಕಿನಲ್ಲೇ ಉಳಿಯಿತು.

1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಯಿತು. ರೈಲು ಮತ್ತೆ ಓಡತೊಡಗಿದ ಮೇಲೆ ಅಜ್ಜಿ ಹೋದಳು. ಬಾಗಿಲಲ್ಲಿ ನಿಂತಿದ್ದ ಹುಡುಗಿ, "ಅವ್ವಾ, ಇವರ್ಯಾರು?" ಎಂದು ಕೂಗಿದಳಂತೆ.

ಗಡಿಯ ಮಾತು ಬಂದಾಗಲೆಲ್ಲ ನನಗೆ ಆ ಕೂಗೇ ಕೇಳಿಸುತ್ತದೆ.