ಬಳ್ಳಾರಿ ಸೀಮೆಯಲ್ಲಿ ಜನಸಂಖ್ಯಾ ಪರಿವರ್ತನೆ

ಜನಸಂಖ್ಯಾ ಪರಿವರ್ತನೆ ಎಂದರೆ ಒಂದು ಸಮಾಜವು ಹೆಚ್ಚು ಜನನ, ಹೆಚ್ಚು ಮರಣಗಳ ಸ್ಥಿತಿಯಿಂದ ಎರಡೂ ಕಡಿಮೆಯಿರುವ ಸ್ಥಿತಿಗೆ ಸಾಗುವ ಪ್ರಕ್ರಿಯೆ. ಅಮೆರಿಕದ ವಾರೆನ್ ಥಾಂಪ್ಸನ್ 1929ರಲ್ಲಿ ಇದನ್ನು ವಿವರಿಸಿದರು. 1945ರಲ್ಲಿ ಫ್ರಾಂಕ್ ನೋಟ್‌ಸ್ಟೈನ್ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು. ಮರಣ ಪ್ರಮಾಣ ಮೊದಲು ಇಳಿಯುತ್ತದೆ, ಜನನ ಪ್ರಮಾಣ ತಡವಾಗಿ. ಈ ನಡುವಿನ ಅವಧಿಯಲ್ಲಿ ಜನಸಂಖ್ಯೆ ವೇಗವಾಗಿ ಬೆಳೆಯುತ್ತದೆ. ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಪ್ರದೇಶದ ಇತಿಹಾಸದಲ್ಲಿ ಈ ಹಂತಗಳನ್ನು ಸ್ಪಷ್ಟವಾಗಿ ಗುರುತಿಸಬಹುದು.

ಬರಗಾಲದ ಕಾಲ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಳೆಯನ್ನೇ ನಂಬಿದ ಎರೆಭೂಮಿಯಲ್ಲಿ ಜೋಳ, ಹತ್ತಿ ಬೆಳೆಯುತ್ತಿದ್ದರು. 1876–78ರ ಮಹಾಕ್ಷಾಮದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಇದೂ ಒಂದು. 1871ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಈ ಇಳಿಕೆಯೆಲ್ಲ ಸಾವಿನಿಂದಲೇ ಆದದ್ದಲ್ಲ. ಕ್ಷಾಮದಲ್ಲಿ ಜನರು ಊರು ಬಿಡುತ್ತಾರೆ, ಹುಟ್ಟುವ ಮಕ್ಕಳೂ ಕಡಿಮೆಯಾಗುತ್ತಾರೆ. 1918ರ ಇನ್‌ಫ್ಲುಯೆಂಜಾ ದೇಶದಾದ್ಯಂತ ಇನ್ನೊಂದು ಹೊಡೆತ ನೀಡಿತು. 1921ರ ನಂತರ ಭಾರತದ ಜನಸಂಖ್ಯೆ ಯಾವ ದಶಕದಲ್ಲೂ ಕುಗ್ಗಿಲ್ಲ. ಆದ್ದರಿಂದ ಆ ವರ್ಷವನ್ನು ‘ಮಹಾ ವಿಭಜಕ ವರ್ಷ’ ಎನ್ನುತ್ತಾರೆ.

ಮರಣದ ಇಳಿಕೆ, ಜನನದ ವಿಳಂಬ

1953 ಇಲ್ಲಿ ಮಹತ್ವದ ವರ್ಷ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡಿತು, ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ ಅದೇ ವರ್ಷ ಆರಂಭವಾಯಿತು. ಕಾಲುವೆ ನೀರು ಸೊಳ್ಳೆಗೂ ಆಸರೆಯಾದ್ದರಿಂದ ಈ ಕೊನೆಯದು ಸಣ್ಣ ಸಂಗತಿಯಲ್ಲ. ಸಿರುಗುಪ್ಪ ಭತ್ತದ ನಾಡಾಯಿತು. 1961ರಲ್ಲಿ ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು.

ಜನನ ಪ್ರಮಾಣ ಇಷ್ಟು ಬೇಗ ಬದಲಾಗಲಿಲ್ಲ. ಹಳೆಯ ಮೈಸೂರು ಸರ್ಕಾರ 1930ರಷ್ಟು ಹಿಂದೆಯೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಮಂಜೂರಾತಿ ನೀಡಿತ್ತಾದರೂ, ಆಗ ಬಳ್ಳಾರಿ ಮೈಸೂರಿನಲ್ಲಿರಲಿಲ್ಲ. ಹೊಲದ ಸಂಪತ್ತು ಹೆಚ್ಚಿದಾಕ್ಷಣ ಮಕ್ಕಳ ಸಂಖ್ಯೆ ತಗ್ಗುವುದಿಲ್ಲ. ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಕೈಗಳು ಬೇಕಾದ ಕಡೆ ಹೆಣ್ಣುಮಗಳು ಶಾಲೆಯನ್ನು ಬೇಗ ಬಿಡುತ್ತಾಳೆ, ಮದುವೆಯೂ ಬೇಗ ಆಗುತ್ತದೆ. 2011ರಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 67.4, ರಾಜ್ಯದ್ದು ಶೇ. 75.4. ಅದರ ಹಿಂದಿನ ದಶಕದಲ್ಲಿ ರಾಜ್ಯದ ಜನಸಂಖ್ಯೆ ಶೇ. 15.6 ಬೆಳೆದರೆ ಜಿಲ್ಲೆಯದು ಸುಮಾರು ಶೇ. 21 ಬೆಳೆಯಿತು. ಆದರೆ ಈ ವ್ಯತ್ಯಾಸವನ್ನು ಜನನದ ಲೆಕ್ಕಕ್ಕೇ ಪೂರ್ತಿ ಹಾಕುವುದು ತಪ್ಪು. ತೋರಣಗಲ್ಲಿನ ಉಕ್ಕು, ಸಂಡೂರಿನ ಗಣಿ, ನಗರದ ಜೀನ್ಸ್ ಉದ್ಯಮ ಹೊರಗಿನವರನ್ನೂ ಸೆಳೆದವು. ಹಿಂದೆ ಹುಟ್ಟಿದ ದೊಡ್ಡ ಪೀಳಿಗೆ ತಾಯ್ತಂದೆಯರಾಗುವಾಗ, ಪ್ರತಿ ಮನೆಯಲ್ಲಿ ಮಕ್ಕಳು ಕಡಿಮೆಯಾದರೂ ಒಟ್ಟು ಸಂಖ್ಯೆ ಕೆಲಕಾಲ ಏರುತ್ತಲೇ ಇರುತ್ತದೆ.

ಇಂದಿನ ಸ್ಥಿತಿ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಸ್ಥಿರವಾಗಿರಲು ಬೇಕಾದ ಸುಮಾರು 2.1ಕ್ಕಿಂತ ಇದು ಕಡಿಮೆ. ಈ ಇಳಿಕೆಯ ಭಾರವನ್ನು ಹೊತ್ತವರು ಬಹುಮಟ್ಟಿಗೆ ಮಹಿಳೆಯರೇ: ಅದೇ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಪುರುಷರ ಪಾಲು ಶೂನ್ಯಕ್ಕೆ ಸಮೀಪ.